ಹಿಮ ಕಟ್ಟಿದ ಕೆರೆಗಳು

ನಮ್ಮ ಕಡೆ ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಅದಕ್ಕೊಂದು ಏರಿ, ಒಂದು ತೂಬು. ಮಳೆ ಜೋರಾದ ವರ್ಷ ಕೋಡಿ ಬೀಳುತ್ತದೆ, ದಶಕಗಳು ಕಳೆದಂತೆ ಹೂಳು ತುಂಬುತ್ತದೆ. ಇಂಥ ಕೆರೆಗಳನ್ನು ನೋಡಿ ಬೆಳೆದ ಕಣ್ಣಿಗೆ ಕಾಶ್ಮೀರದ ಎತ್ತರದ ಸರೋವರಗಳು ಒಂದು ಅಚ್ಚರಿಯನ್ನು ಕಾದಿಟ್ಟಿರುತ್ತವೆ. ಅಲ್ಲೂ ಏರಿಯಿದೆ, ಕೋಡಿಯಿದೆ, ಹೂಳೂ ಇದೆ. ಮನುಷ್ಯನ ಕೈ ಮಾತ್ರ ಎಲ್ಲೂ ಸೋಕಿಲ್ಲ.

ಈ ಸರೋವರಗಳನ್ನು ನೋಡಲು ಸೋನಾಮಾರ್ಗ್ ಬಳಿ ಹತ್ತಿ ನಾರಾನಾಗ್‌ನಲ್ಲಿ ಇಳಿಯುವ ಸುಮಾರು 70 ಕಿಲೋಮೀಟರ್‌ಗಳ ಚಾರಣವೊಂದಿದೆ. ಒಂದು ವಾರ ಬೇಕು. ದಾರಿಯಲ್ಲಿ ಸಿಗುವ ಹೆಸರುಗಳು ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್. ಈ ‘ಸರ್’ ನಮಗೆ ಗೊತ್ತಿರುವ ಸರಸ್ಸೇ. ಕೊನೆಗೆ ಹರ್ಮುಖ್ ಶಿಖರದ ಬುಡದಲ್ಲಿ ನುಂದ್‌ಕೋಲ್ ಮತ್ತು ಗಂಗಾಬಲ್.

ಮೊದಲ ದಿನಗಳಲ್ಲಿ ಭೂರ್ಜ ಮರಗಳು ಜೊತೆಗಿರುತ್ತವೆ. ಕಾಗದದಂತೆ ಸುಲಿದು ಬರುವ ಅವುಗಳ ತೊಗಟೆಯ ಮೇಲೆಯೇ ಕಾಶ್ಮೀರದ ಪಂಡಿತರು ಶತಮಾನಗಳ ಕಾಲ ಗ್ರಂಥ ಬರೆದರು. ಒಂದು ಎತ್ತರ ದಾಟಿದೊಡನೆ ಮರಗಳು ನಿಂತುಬಿಡುತ್ತವೆ. ಬೇಸಿಗೆಯ ಕೆಲವೇ ವಾರಗಳ ಬಿಸಿಲಿನಲ್ಲಿ ಕಾಂಡ ಬೆಳೆಸುವಷ್ಟು ಶಾಖ ಅಲ್ಲಿ ಸಿಗುವುದಿಲ್ಲ. ನೆಲಕ್ಕೆ ಅಂಟಿಕೊಂಡ ಗಿಡಗಳ ಲೆಕ್ಕ ಬೇರೆ. ಬಿಸಿಲಿಗೆ ಕಾದ ಮಣ್ಣಿನ ಬೆಚ್ಚಗಿನ ಗಾಳಿಯಲ್ಲೇ ಅವುಗಳ ಸಂಸಾರ. ಮೇಲೆ ಚಳಿಗಾಳಿ ಬೀಸುತ್ತಿರುವಾಗ ಮಂಡಿಯೂರಿ ಆ ಹೂಗಳ ನಡುವೆ ಅಂಗೈ ಇಟ್ಟರೆ ಬಿಸುಪು ತಿಳಿಯುತ್ತದೆ.

ವಿಶನ್‌ಸರ್ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ನೀರು 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿದು ಕುದಿದು ನೀರೆಲ್ಲ ಬತ್ತಿದರೂ ಅಕ್ಕಿಯ ನಡುವೆ ಗಟ್ಟಿ ಉಳಿದಿರುತ್ತದೆ. ಇಲ್ಲಿ ಅನ್ನ ಮಾಡಲು ಕುಕ್ಕರ್ ಇಲ್ಲದೆ ಆಗದು.

ಈಗ ಕೆರೆ ಕಟ್ಟಿದ ಬಗೆಗೆ ಬರೋಣ. ಬೆಟ್ಟದ ಮಗ್ಗುಲಿನ ಒಂದು ತಗ್ಗಿನಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗದೆ ಉಳಿಯುತ್ತದೆ. ಮರುವರ್ಷ ಅದರ ಮೇಲೆ ಇನ್ನಷ್ಟು. ಹೀಗೆ ಪದರದ ಮೇಲೆ ಪದರ ಕೂತು, ಭಾರಕ್ಕೆ ಅಡಿಯ ಹಿಮ ಒತ್ತಿ ಮಂಜುಗಡ್ಡೆಯಾಗುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಅದು ಮೆಲ್ಲಗೆ ಇಳಿಜಾರಿನಲ್ಲಿ ಹರಿಯತೊಡಗುತ್ತದೆ. ಅದೇ ಹಿಮನದಿ. ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ, ಹಿಮನದಿ ಆ ಚೂರುಗಳನ್ನು ಕಿತ್ತು ಹೊಟ್ಟೆಯಡಿ ಎಳೆದೊಯ್ಯುತ್ತದೆ. ಕಲ್ಲು ಹಿಡಿದು ಕಲ್ಲನ್ನೇ ಉಜ್ಜುವ ಈ ಕೆಲಸ ಸಾವಿರಾರು ವರ್ಷ ನಡೆದು ಬೆಟ್ಟದಲ್ಲಿ ಬೋಗುಣಿಯಂಥ ಗುಂಡಿ ಬೀಳುತ್ತದೆ. ಕಿತ್ತ ಕಲ್ಲುಮಣ್ಣೆಲ್ಲ ಹಿಮನದಿಯ ಮೂತಿಯ ಮುಂದೆ ದಿಬ್ಬವಾಗಿ ಪೇರಿಕೊಳ್ಳುತ್ತದೆ. ಭೂವಿಜ್ಞಾನಿಗಳು ಇದನ್ನು ಮೊರೇನ್ ಎನ್ನುತ್ತಾರೆ. ನಾನು ಏರಿ ಎನ್ನುತ್ತೇನೆ. ಹವೆ ಬೆಚ್ಚಗಾಗಿ ಹಿಮನದಿ ಹಿಂದೆ ಸರಿದಾಗ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಏರಿಯ ತಗ್ಗಿದ ಕಡೆ ಕೋಡಿ ಬೀಳುತ್ತದೆ. ಕಿಶನ್‌ಸರ್‌ನ ಕೋಡಿಯ ನೀರು ಕೆಳಗಿನ ವಿಶನ್‌ಸರ್‌ಗೆ, ಗಂಗಾಬಲ್‌ನದು ನುಂದ್‌ಕೋಲ್‌ಗೆ. ನಮ್ಮ ಕೆರೆಗಳ ಸರಪಳಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೂಳಿನ ಕಥೆ ಇನ್ನೂ ಚೆನ್ನ. ಹಿಮನದಿಯಿಂದ ನೇರ ಬರುವ ತೊರೆಯ ಅಂಚಿನ ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿ. ಮರಳಿನ ತರಿಯೇ ಇರುವುದಿಲ್ಲ. ರಾಗಿಹಿಟ್ಟನ್ನು ವಸ್ತ್ರಗಾಳಿಸಿದರೂ ಇಷ್ಟು ನಯ ಬರದು. ಬಂಡೆಯನ್ನು ಹಿಮ ಬೀಸಿದಾಗ ಬಿದ್ದ ಹಿಟ್ಟು ಇದು. ಇದರ ಕಣಗಳು ಎಷ್ಟು ಸಣ್ಣವೆಂದರೆ ನೀರಿನಲ್ಲಿ ಬಹುಕಾಲ ತಳ ಸೇರದೆ ತೇಲುತ್ತಿರುತ್ತವೆ. ಬಿಸಿಲಿನ ಕೆಂಪು ಭಾಗವನ್ನು ನೀರು ತಾನೇ ಹೀರಿಕೊಳ್ಳುತ್ತದೆ. ಉಳಿದ ನೀಲಿ ಹಸಿರು ಬೆಳಕನ್ನು ಈ ಕಣಗಳು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ. ಫೋಟೋಗಳಲ್ಲಿ ನೋಡಿ ಬಣ್ಣ ಹಚ್ಚಿದ್ದೆಂದು ನಾವು ಅನುಮಾನಪಡುವ ಆ ಹಾಲು ಬೆರೆಸಿದಂಥ ವೈಡೂರ್ಯದ ಬಣ್ಣ ಹುಟ್ಟುವುದು ಹೀಗೆ. ಅಂದರೆ ಇಂಥ ಬಣ್ಣದ ಕೆರೆ ಕಂಡರೆ ಮೇಲೆಲ್ಲೋ ಬೀಸುಕಲ್ಲು ಇನ್ನೂ ತಿರುಗುತ್ತಿದೆ ಎಂದು ತಿಳಿಯಬೇಕು. ಹಿಮನದಿ ಪೂರ್ತಿ ಕರಗಿಹೋದ ಕೆರೆಯಲ್ಲಿ ಹಿಟ್ಟು ಬರುವುದು ನಿಂತು, ವರ್ಷಗಳಲ್ಲಿ ನೀರು ತಿಳಿಯಾಗಿ ಕಡುನೀಲಿಗೆ ತಿರುಗುತ್ತದೆ. ಆ ನೀಲಿಯೂ ಸುಂದರವೇ. ಆದರೆ ಅದರ ಅರ್ಥ ಗೊತ್ತಾದ ಮೇಲೆ ಮೊದಲಿನ ಹಾಗೆ ನೋಡಲಾಗುವುದಿಲ್ಲ.

ಚಳಿಗಾಲದಲ್ಲಿ ಈ ಕೆರೆಗಳ ಮೇಲೆ ಮಂಜುಗಡ್ಡೆ ಮುಚ್ಚುತ್ತದೆ. ಆದರೂ ಒಳಗಿನ ಮೀನು ಸಾಯುವುದಿಲ್ಲ. ನೀರಿನ ಒಂದು ವಿಚಿತ್ರ ಗುಣ ಅದನ್ನು ಕಾಯುತ್ತದೆ. ತಣ್ಣಗಾದಷ್ಟೂ ಭಾರವಾಗುತ್ತ ಹೋಗುವ ನೀರು 4 ಡಿಗ್ರಿಗೆ ಬಂದಾಗ ಅತಿ ಭಾರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೇರುತ್ತದೆ. ಹಾಗಾಗಿ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಳದಲ್ಲಿ 4 ಡಿಗ್ರಿಯ ನೀರು ಉಳಿಯುತ್ತದೆ. ಅಲ್ಲಿ ಚಳಿಗಾಲ ಕಳೆಯುವ ಬ್ರೌನ್ ಟ್ರೌಟ್ ಮೀನು ಮೂಲತಃ ಯುರೋಪಿನದು. 1900ರ ಆಸುಪಾಸಿನಲ್ಲಿ ಬ್ರಿಟಿಷರು ಅದರ ಮೊಟ್ಟೆಗಳನ್ನು ಹಡಗಿನಲ್ಲಿ ಕಾಶ್ಮೀರಕ್ಕೆ ತರಿಸಿದ್ದರು.

ಗಂಗಾಬಲ್‌ನ ಬೆನ್ನಿಗಿರುವ ಹರ್ಮುಖ್‌ನ ಎತ್ತರ 5,142 ಮೀಟರ್. 1856ರಲ್ಲಿ ಸರ್ವೆ ಅಧಿಕಾರಿ ಥಾಮಸ್ ಮಾಂಟ್‌ಗೊಮೆರಿ ಈ ಬೆಟ್ಟವನ್ನು ಹತ್ತಿ, 200 ಕಿಲೋಮೀಟರ್‌ಗೂ ದೂರದ ಕಾರಕೋರಂ ಸಾಲಿನಲ್ಲಿ ಎದ್ದುಕಂಡ ಎರಡು ಶಿಖರಗಳನ್ನು ಕೆ1, ಕೆ2 ಎಂದು ಗುರುತು ಹಾಕಿಕೊಂಡ. ಜಗತ್ತಿನ ಎರಡನೇ ಅತಿ ಎತ್ತರದ ಶಿಖರಕ್ಕೆ ಆ ಗುರುತೇ ಹೆಸರಾಗಿ ಉಳಿಯಿತು.

ಏರಿ ಇದ್ದಲ್ಲಿ ಏರಿ ಒಡೆಯುವ ಭಯವೂ ಇದ್ದೇ ಇದೆ. ಮೊರೇನ್ ಎಂದರೆ ಸಡಿಲ ಕಲ್ಲುಮಣ್ಣಿನ ರಾಶಿ, ಯಾರೂ ಅದನ್ನು ದಮ್ಮಸು ಹಾಕಿ ಗಟ್ಟಿ ಮಾಡಿಲ್ಲ. ಹಿಮನದಿಗಳು ಬೇಗ ಕರಗುತ್ತಿರುವ ಈ ಕಾಲದಲ್ಲಿ ಹಿಮಾಲಯದ ಅನೇಕ ಸರೋವರಗಳು ಹಿಗ್ಗುತ್ತಿವೆ. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರಕ್ಕೆ ಮಗ್ಗುಲಿನ ದಿಬ್ಬ ಕುಸಿದು ಬಿತ್ತು. ಎದ್ದ ಅಲೆಗೆ ಏರಿ ಒಡೆಯಿತು. ಚುಂಗ್‌ಥಾಂಗ್‌ನಲ್ಲಿದ್ದ ತೀಸ್ತಾ-3 ವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು, ತೀಸ್ತಾ ಕಣಿವೆಯಲ್ಲಿ ಹತ್ತಾರು ಜನ ಸತ್ತರು. ಕೆಳಗಿನವರಿಗೆ ಹೊತ್ತಿಗೆ ಮುಂಚೆ ಎಚ್ಚರಿಕೆ ಕೊಡುವ ವ್ಯವಸ್ಥೆಗೆ ಎಷ್ಟು ಹಣ ಹಾಕಿದರೂ ಅದು ದುಂದಲ್ಲ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಕುರಿಮೇಕೆ ಕಾಯುವ ಬಕರ್‌ವಾಲರ ಜೊತೆಗೆ ಚಾರಣಿಗರ ಸಾಲೂ ಇರುತ್ತದೆ. ಬೆಂಗಳೂರಿನಿಂದ ಹೋಗುವವರೂ ಅವರಲ್ಲಿದ್ದಾರೆ. ಅವರಲ್ಲೊಂದು ಮಾತು. ಈ ಕೆರೆಗಳ ನೀರಿನಲ್ಲಿ ಸಾರಜನಕ, ರಂಜಕಗಳ ಪೋಷಕಾಂಶ ಬಹಳ ಕಡಿಮೆ. ಹಿಮನದಿಯ ಹಿಟ್ಟು ಬಾರದ ಕೆರೆಗಳು ಪಾಚಿ ಬೆಳೆಯದೆ ತಳ ಕಾಣುವಷ್ಟು ತಿಳಿಯಾಗಿರುವುದು ಅದಕ್ಕೇ. ಪಾತ್ರೆ ತೊಳೆದ ಅನ್ನದ ಗಂಜಿ, ಸೋಪಿನ ನೊರೆ ಎಲ್ಲವೂ ಪಾಚಿಗೆ ಗೊಬ್ಬರ. ಬೇಗ ಕೊಳೆತು ಕರಗುತ್ತದೆ ಎಂದು ಬರೆದಿರುವ ಸೋಪಿಗೂ ಕರಗಲು ಮಣ್ಣಿನ ಸೂಕ್ಷ್ಮಜೀವಿಗಳು ಬೇಕು. ತಣ್ಣೀರಿನಲ್ಲಿ ಆ ಕೆಲಸ ತೀರ ನಿಧಾನ. ವಿಶನ್‌ಸರ್‌ನ ನೀರು ಕಿಶನ್‌ಗಂಗಾ ಆಗಿ ಉತ್ತರಕ್ಕೆ ಹೋಗುತ್ತದೆ, ಗಂಗಾಬಲ್‌ನ ನೀರು ಸಿಂಧ್ ಹೊಳೆಯ ಮೂಲಕ ಝೇಲಂ ಸೇರುತ್ತದೆ. ಕೊನೆಗೆ ಮುಜಫ್ಫರಾಬಾದಿನಲ್ಲಿ ಎರಡೂ ಒಂದಾಗುತ್ತವೆ. ಉದ್ದಕ್ಕೂ ಕುಡಿಯುವವರಿದ್ದಾರೆ. ಸ್ನಾನ ಮಾಡಬೇಕೆನಿಸಿದರೆ, ಪಾತ್ರೆ ತೊಳೆಯಬೇಕಾದರೆ, ಬಕೆಟ್ಟಿನಲ್ಲಿ ನೀರು ಹೊತ್ತು ದಂಡೆಯಿಂದ ನೂರು ಹೆಜ್ಜೆ ಆಚೆ ಹೋಗಿ.