ಬನಿಯನ್ ಬಟ್ಟೆಯ ಉಡುಪು: ಹೊಲಿಗೆ ತರಬೇತಿಯಲ್ಲಿ ಗಮನಿಸಬೇಕಾದ ಅಂಶಗಳು

ಮನೆಯಲ್ಲಿ ಧರಿಸುವ ಟೀ ಶರ್ಟ್, ಪೈಜಾಮ, ನೈಟಿಗಳಿಗೆ ಹೊಸೈರಿ ಬಟ್ಟೆ, ಅಂದರೆ ರೂಢಿಯಲ್ಲಿ ಬನಿಯನ್ ಬಟ್ಟೆ ಎನ್ನುವುದು, ಹಿತಕರ. ಆದರೆ ರವಿಕೆ, ಲಂಗ ಹೊಲಿದು ಪಳಗಿದ ಸ್ವಸಹಾಯ ಸಂಘಗಳ ಮಹಿಳೆಯರೂ ಇದನ್ನು ಹೊಲಿಯುವಾಗ ಎಡವುವುದುಂಟು. ನೇಯ್ದ ಬಟ್ಟೆಯಲ್ಲಿ ಹಾಸುಹೊಕ್ಕಿನ ಎಳೆಗಳಿದ್ದರೆ, ಇದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡಿರುತ್ತದೆ. ಹಿಗ್ಗುವ ಗುಣ ಬರುವುದು ಅದರಿಂದಲೇ. ಚೂಪು ಸೂಜಿ ಕುಣಿಕೆಯನ್ನು ಕಡಿದರೆ ಸಣ್ಣ ತೂತು ಒಗೆದಂತೆಲ್ಲ ಹಿಗ್ಗುತ್ತದೆ. ಆದ್ದರಿಂದ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಅಗತ್ಯ: ತೆಳು ಬಟ್ಟೆಗೆ 11, ದಪ್ಪ ಬಟ್ಟೆಗೆ 14ನೇ ಸಂಖ್ಯೆಯದು.

ನೇರ ಹೊಲಿಗೆ ಬಟ್ಟೆಯೊಡನೆ ಹಿಗ್ಗದು. ತೊಡುವಾಗ, ಕೂರುವಾಗ ದಾರ ಕಡಿಯುತ್ತದೆ. ಕಿರಿದಾದ ಜಿಗ್‌ಜ್ಯಾಗ್ ಹೊಲಿಗೆ ತಾಳಿಕೊಳ್ಳುತ್ತದೆ. ಕಾಲಿನಿಂದ ತುಳಿಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ. ಅವುಗಳಲ್ಲಿ ಪಾಲಿಯೆಸ್ಟರ್ ದಾರ ಬಳಸಿ, ಬಟ್ಟೆಯನ್ನು ತುಸುವೇ ಎಳೆದು ಹಿಡಿದು ಸಡಿಲ ಪೈಜಾಮ ಹೊಲಿಯಬಹುದು. ಮೈಗೊಪ್ಪುವಂತೆ ಮಾರಾಟಕ್ಕೆ ಸಿದ್ಧಪಡಿಸುವ ಟೀ ಶರ್ಟಿಗೆ ಓವರ್‌ಲಾಕ್ ಯಂತ್ರ ಬೇಕೇ ಆಗುತ್ತದೆ. ಕೊರಳ ಪಟ್ಟಿಯನ್ನು ಕೊರಳ ಅಳತೆಗಿಂತ ಸುಮಾರು ಶೇ. 15ರಷ್ಟು ಚಿಕ್ಕದಾಗಿ ಕತ್ತರಿಸಿ, ಎಳೆದು ಹೊಲಿದರೆ ಅದು ಜೋಲದೆ ಅಂದವಾಗಿ ಕೂರುತ್ತದೆ.

ಹತ್ತಿ ಬಟ್ಟೆ ಕುಗ್ಗುವುದರಿಂದ ಕತ್ತರಿಸುವ ಮೊದಲೇ ಒಗೆದು, ಹರಡಿ ಒಣಗಿಸಬೇಕು. ತಿರುಪ್ಪೂರಿನಂತಹ ಕೇಂದ್ರಗಳಲ್ಲಿ ಈ ಬಟ್ಟೆ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೀಟರ್ ಲೆಕ್ಕಕ್ಕೆ ಒಗ್ಗಿದವರು ದರ ಹೋಲಿಸುವಾಗ ಎಚ್ಚರ ವಹಿಸಬೇಕು.

ಹೊಲಿಗೆ ತರಬೇತಿ ಅಥವಾ ಯಂತ್ರ ವಿತರಣೆಯ ಪ್ರಸ್ತಾವ ಸಾಮಾನ್ಯ ಸಭೆಯ ಮುಂದೆ ಬಂದಾಗ, ಪಟ್ಟಿಯಲ್ಲಿ ನೇರ ಹೊಲಿಗೆಯ ಯಂತ್ರಗಳಷ್ಟೇ ಇವೆಯೇ, ಹತ್ತಾರು ಮಹಿಳೆಯರು ಸೇರಿ ಬಳಸಬಹುದಾದ ಒಂದು ಓವರ್‌ಲಾಕ್ ಯಂತ್ರಕ್ಕೆ ಅವಕಾಶವಿದೆಯೇ ಎಂಬುದನ್ನು ಸದಸ್ಯರು ಪರಿಶೀಲಿಸುವುದು ಸೂಕ್ತ. ಯಂತ್ರಗಳು ಮನೆ ಸೇರಿದ ಮೇಲೆ ಈ ಪ್ರಶ್ನೆ ಎತ್ತಿ ಪ್ರಯೋಜನವಿಲ್ಲ.