ಕಂಠದಿಂದ ಮನಸ್ಸಿಗೆ: ‘ಆಂಗ್ಜೈಟಿ’ ಎಂಬ ಶಬ್ದದ ವಿಚಾರ

ಇಂಗ್ಲಿಷಿನಿಂದ ನಮ್ಮ ನಿತ್ಯದ ಸಂಭಾಷಣೆಗೆ ಬಂದು ಸೇರಿರುವ ಶಬ್ದಗಳಲ್ಲಿ ‘ಆಂಗ್ಜೈಟಿ’ ಎಂಬುದೂ ಒಂದು. ಪರೀಕ್ಷೆಯ ಫಲವನ್ನು ಎದುರುನೋಡುವ ವಿದ್ಯಾರ್ಥಿ, ದೂರದಲ್ಲಿರುವ ಮಗನ ಸುದ್ದಿ ಬಾರದೆ ಕಾಯುವ ತಾಯಿ, ರೋಗಿಯನ್ನು ಪರೀಕ್ಷಿಸುವ ವೈದ್ಯ, ಎಲ್ಲರ ಬಾಯಲ್ಲಿಯೂ ಅದುಂಟು. ಬರೆಯಲು ಹೊರಟಾಗ ಮಾತ್ರ ಎಂಥವರ ಲೇಖನಿಯೂ ಒಂದು ಗಳಿಗೆ ತಡೆಯುತ್ತದೆ. ಈ ಶಬ್ದದ ಕಾಗುಣಿತ, ಅರ್ಥ, ಮೂಲ ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಿಸೋಣ. ಇವು ಒಂದೇ ಬೇರಿನ ಮೂರು ಕವಲುಗಳಾದ್ದರಿಂದ ಒಂದನ್ನು ತಿಳಿದವನಿಗೆ ಉಳಿದೆರಡು ಸುಲಭವಾಗಿ ವಿಶದವಾಗುತ್ತವೆ.

ಮೊದಲು ಕಾಗುಣಿತ. ಎ, ಎನ್, ಎಕ್ಸ್, ಐ, ಇ, ಟಿ, ವೈ ಎಂಬ ಏಳು ಅಕ್ಷರಗಳು. ಇವುಗಳಲ್ಲಿ ಎರಡು ಎಡೆಗಳು ತೊಡಕಿನವು. ಎಕ್ಸ್ ಎಂಬ ಅಕ್ಷರ ಇಲ್ಲಿ ಜಕಾರದಂತೆ ಕೇಳಿಸುತ್ತದೆ. ಇದಕ್ಕೆ ಸಂಬಂಧಿಸಿದ ವಿಶೇಷಣ ‘ಆಂಕ್ಷಸ್’. ಅಲ್ಲಿ ಅದೇ ಅಕ್ಷರ ಕ್ಷಕಾರದಂತೆ ಕೇಳಿಸುತ್ತದೆ. ಕಿವಿಯನ್ನೇ ನಂಬಿದರೆ ಇವೆರಡಕ್ಕೂ ನಂಟಿಲ್ಲವೆಂದು ತೋರಬಹುದು. ಕಣ್ಣಿಗಾದರೋ ಒಡಹುಟ್ಟಿದವೆಂಬುದು ಕೂಡಲೇ ಗೊತ್ತಾಗುತ್ತದೆ. ಉಚ್ಚಾರಣೆ ಮರೆತುದನ್ನು ಬರವಣಿಗೆ ಕಾಪಾಡಿಕೊಂಡು ಬಂದಿದೆ.

ಈ ಎಕ್ಸ್ ಎಲ್ಲಿಯದು? ಲ್ಯಾಟಿನ್ ಭಾಷೆಯಲ್ಲಿ ‘ಆಂಗೆರೆ’ ಎಂಬ ಕ್ರಿಯಾಪದವುಂಟು. ಅದರ ಧಾತುವಿನಲ್ಲಿರುವುದು ಗಕಾರ. ಗಕಾರದ ಮುಂದೆ ಸಕಾರ ಬಂದಾಗ ಗಕಾರವು ಕಕಾರವಾಗುತ್ತದೆ. ‘ಕ್ಸ್’ ಎಂಬ ಜೋಡಿಯನ್ನು ರೋಮನರು ಎಕ್ಸ್ ಎಂಬ ಒಂದೇ ಅಕ್ಷರದಿಂದ ಬರೆದರು. ನಮ್ಮ ವ್ಯಾಕರಣವನ್ನು ಓದಿದವರಿಗೆ ಇದು ಹೊಸತಲ್ಲ. ‘ತದ್’ ಎಂಬುದರ ಮುಂದೆ ‘ಸಮ’ ಬಂದಾಗ ದಕಾರವು ತಕಾರವಾಗಿ ‘ತತ್ಸಮ’ ಎಂದಾಗುವುದು ಇದೇ ನಿಯಮದಿಂದ. ಹೀಗೆ ‘ಆಂಕ್ಸಿಯುಸ್’ ಎಂಬ ವಿಶೇಷಣವೂ, ಅದರಿಂದ ‘ಆಂಕ್ಸಿಯೆತಾಸ್’ ಎಂಬ ಭಾವನಾಮವೂ ಹುಟ್ಟಿದವು. 16ನೆಯ ಶತಮಾನದಲ್ಲಿ ಈ ಭಾವನಾಮವೇ ಇಂಗ್ಲಿಷಿಗೆ ಬಂದಿತು.

ಎರಡನೆಯ ತೊಡಕು ಐ ಎಂಬುದರ ಮುಂದಿರುವ ಇ. ‘ಕ್ವಾಲಿಟಿ’, ‘ಎಬಿಲಿಟಿ’ ಮೊದಲಾದ ಮಾತುಗಳಲ್ಲಿ ಅದಿಲ್ಲ. ಇಲ್ಲಿ ಮಾತ್ರ ಏಕೆ? ಲ್ಯಾಟಿನ್ನಿನಲ್ಲಿ ಭಾವನಾಮದ ಪ್ರತ್ಯಯ ಸಾಮಾನ್ಯವಾಗಿ ‘ಇತಾಸ್’. ಆದರೆ ಪ್ರಕೃತಿಯೇ ಇಕಾರದಲ್ಲಿ ಮುಗಿದರೆ ಎರಡು ಇಕಾರಗಳು ಒತ್ತೊತ್ತಾಗಿ ಬರುವುದನ್ನು ಆ ಭಾಷೆ ಒಪ್ಪದೆ ಎರಡನೆಯದನ್ನು ಎಕಾರ ಮಾಡಿಕೊಂಡಿತು. ‘ಸೊಸೈಟಿ’, ‘ವೆರೈಟಿ’, ‘ಪೈಟಿ’ ಎಂಬ ಮಾತುಗಳಲ್ಲಿಯೂ ಹೀಗೆಯೇ. ಸೊಸೈಟಿಯನ್ನು ತಪ್ಪಿಲ್ಲದೆ ಬರೆಯಬಲ್ಲವನು ಆಂಗ್ಜೈಟಿಯ ಕೊನೆಯನ್ನೂ ತಪ್ಪಿಲ್ಲದೆ ಬರೆಯಬಲ್ಲನು.

ಇನ್ನು ಅರ್ಥ. ‘ಆಂಗೆರೆ’ ಎಂದರೆ ಕೊರಳನ್ನು ಅಮುಕುವುದು, ಉಸಿರು ಕಟ್ಟುವಂತೆ ಬಿಗಿಯುವುದು. ಮನಸ್ಸಿನ ವ್ಯಥೆಯನ್ನು ಹೇಳುವ ಈ ಶಬ್ದ ಮೊದಲು ಹುಟ್ಟಿದ್ದು ಕಂಠದ ಸುತ್ತ. ಇದರ ಬಳಗ ದೊಡ್ಡದು. ತೀವ್ರ ಯಾತನೆಯೆಂಬ ಅರ್ಥದ ‘ಆಂಗ್ವಿಶ್’ ಎಂಬುದು ಇಕ್ಕಟ್ಟು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಫ್ರೆಂಚಿನ ಮೂಲಕ ಬಂದದ್ದು. ಕೋಪವನ್ನು ಹೇಳುವ ‘ಆಂಗರ್’ ಸ್ಕ್ಯಾಂಡಿನೇವಿಯದ ಹಳೆಯ ನುಡಿಯಲ್ಲಿ ದುಃಖವನ್ನು ಸೂಚಿಸುತ್ತಿತ್ತು. ಜರ್ಮನರ ‘ಆಂಗ್ಸ್ಟ್’ ಎಂಬ ಭಯವಾಚಕವೂ ‘ಎಂಗ್’ ಎಂಬ ಕಿರಿದೆಂಬರ್ಥದ ಮಾತೂ ಇದೇ ಕುಲದವು.

ರೋಮಿನ ವಾಗ್ಮಿ ಸಿಸೆರೋ ಕ್ರಿಸ್ತಪೂರ್ವ 45ರಲ್ಲಿ ರಚಿಸಿದ ತನ್ನ ತುಸ್ಕುಲಮ್ ಸಂವಾದಗಳಲ್ಲಿ ಇಲ್ಲೊಂದು ಸೂಕ್ಷ್ಮವನ್ನು ಗುರುತಿಸಿದನು. ಒಮ್ಮೊಮ್ಮೆ ಬಂದು ಹೋಗುವ ಸಂಕಟ ಒಂದು. ಸದಾ ಸಂಕಟಕ್ಕೆ ಒಳಗಾಗುವ ಸ್ವಭಾವ ಇನ್ನೊಂದು. ಮೊದಲನೆಯದಕ್ಕೆ ‘ಆಂಗೊರ್’ ಎಂದೂ ಎರಡನೆಯದಕ್ಕೆ ‘ಆಂಕ್ಸಿಯೆತಾಸ್’ ಎಂದೂ ಅವನು ಹೆಸರಿಟ್ಟನು. ಕಳವಳಗೊಂಡವರೆಲ್ಲರೂ ಕಳವಳದ ಸ್ವಭಾವದವರಲ್ಲ ಎಂಬುದು ಅವನ ಅಭಿಪ್ರಾಯ. ಇಂದಿನ ವೈದ್ಯರೂ ಈ ವಿವೇಚನೆಯನ್ನು ಬಿಟ್ಟಿಲ್ಲ.

ವೈದ್ಯಶಾಸ್ತ್ರವು ಈ ಶಬ್ದದ ಹಳೆಯ ಅರ್ಥವನ್ನು ಮತ್ತೆ ಮತ್ತೆ ಎದುರುಗೊಂಡಿದೆ. 1768ರಲ್ಲಿ ಲಂಡನ್ನಿನ ವೈದ್ಯನಾದ ವಿಲಿಯಂ ಹೆಬರ್ಡೆನ್, ನಡೆಯುವಾಗ ಎದೆಯನ್ನು ಹಿಡಿದು ನಿಲ್ಲಿಸುವ ಒಂದು ವ್ಯಾಧಿಯನ್ನು ವರ್ಣಿಸಿ ಅದನ್ನು ‘ಆಂಜೈನಾ ಪೆಕ್ಟೋರಿಸ್’ ಎಂದು ಕರೆದನು. ಕತ್ತು ಹಿಸುಕಿದಂಥ ಅನುಭವವೂ ಕಳವಳವೂ ಅದರೊಡನೆ ಇರುತ್ತವೆಂಬುದೇ ಹೆಸರಿಗೆ ಅವನು ಕೊಟ್ಟ ಕಾರಣ. ವಿಯೆನ್ನಾದ ಫ್ರಾಯ್ಡ್ ತನ್ನ ಪ್ರಸಿದ್ಧ ಉಪನ್ಯಾಸಮಾಲೆಯಲ್ಲಿ, ‘ಆಂಗ್ಸ್ಟ್’ ಎಂಬ ಹೆಸರು ಉಸಿರಾಟದ ಬಿಗಿತವನ್ನೇ ಒತ್ತಿ ಹೇಳುತ್ತದೆಂದು ತೋರಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ರೋಗವರ್ಗೀಕರಣದ ಮೂರನೆಯ ಆವೃತ್ತಿ ತೀವ್ರ ಭೀತಿಯ ಆಘಾತವನ್ನು ಪ್ರತ್ಯೇಕ ವ್ಯಾಧಿಯೆಂದು ಎಣಿಸಿತು. ಅದರ ಲಕ್ಷಣಗಳಲ್ಲಿ ಉಸಿರುಕಟ್ಟಿದಂಥ ಅನುಭವವೂ ಸೇರಿತ್ತು.

ಭಾಷಾಂತರಕಾರನಿಗೆ ಇದು ಸುಲಭವಾಗಿ ಸಿಕ್ಕುವ ಮಾತಲ್ಲ. ಡೆನ್ಮಾರ್ಕಿನ ತತ್ತ್ವಜ್ಞ ಕೀರ್ಕೆಗಾರ್ಡ್ 1844ರಲ್ಲಿ ಈ ಭಾವವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಅದರ ಹೆಸರಿನಲ್ಲಿದ್ದ ಡೇನಿಷ್ ಮಾತನ್ನು 1944ರ ಇಂಗ್ಲಿಷ್ ಅನುವಾದ ‘ಡ್ರೆಡ್’ ಎಂದಿತು. 1980ರ ಅನುವಾದ ‘ಆಂಗ್ಜೈಟಿ’ ಎಂದಿತು. ಡ್ರೆಡ್ ಎಂದರೆ ಘೋರವಾದ ಭಯ. ಭಯಕ್ಕೆ ಎದುರಿನಲ್ಲಿ ಒಂದು ವಸ್ತುವಿರುತ್ತದೆ. ಕೀರ್ಕೆಗಾರ್ಡ್ ಹೇಳಹೊರಟದ್ದು ಇಂಥದೆಂದು ಬೆರಳಿಟ್ಟು ತೋರಿಸಲಾಗದ ತಳಮಳವನ್ನು.

ಕನ್ನಡದಲ್ಲಿ ಇದಕ್ಕೆ ಸಮನಾದ ಮಾತು ಯಾವುದು? ‘ಚಿಂತೆ’ ಎಂಬುದು ಆಲೋಚಿಸುವುದರಿಂದ ಬಂದದ್ದು. ‘ಉದ್ವೇಗ’ ನಡುಗುವುದರಿಂದ ಬಂದದ್ದು. ‘ಸಂಕಟ’ ಎಂಬುದಾದರೋ ಸಂಸ್ಕೃತದಲ್ಲಿ ಮೊದಲು ಇಕ್ಕಟ್ಟಾದುದು, ಕಿರಿದಾದ ಹಾದಿ ಎಂಬ ಅರ್ಥವುಳ್ಳದ್ದು. ಅಲ್ಲಿಂದ ಕಷ್ಟಕ್ಕೂ ಬೇಗುದಿಗೂ ಅದು ಹೆಸರಾಯಿತು. ನಮ್ಮ ಅಚ್ಚಗನ್ನಡದ ‘ಇಕ್ಕಟ್ಟು’ ಓಣಿಗೂ ಸಲ್ಲುತ್ತದೆ, ಬಾಳಿಗೂ ಸಲ್ಲುತ್ತದೆ. ಲ್ಯಾಟಿನ್ ಮಾತಿನ ರಕ್ತಸಂಬಂಧಿಯೇ ಸಂಸ್ಕೃತದಲ್ಲಿಯೂ ಉಂಟು. ಅದು ‘ಅಂಹಸ್’ ಎಂಬ ಶಬ್ದ. ವೇದದಲ್ಲಿ ಅದಕ್ಕೆ ಇಕ್ಕಟ್ಟು, ಸಂಕಟ ಎಂಬ ಅರ್ಥ. ಅದರಿಂದ ಬಿಡಿಸಿ ವಿಶಾಲವಾದ ಎಡೆಯನ್ನು ಕೊಡಬೇಕೆಂದು ಋಷಿಗಳು ದೇವತೆಗಳನ್ನು ಬೇಡಿದರು. ಅಮರಕೋಶದ ಕಾಲಕ್ಕೆ ಅದು ಪಾಪದ ಪರ್ಯಾಯಪದಗಳ ಸಾಲಿಗೆ ಸೇರಿಹೋಗಿತ್ತು.

ಮೂಲವನ್ನು ತಿಳಿದ ಮಾತ್ರಕ್ಕೆ ಪ್ರಯೋಗವೆಲ್ಲವೂ ನಿರ್ಧಾರವಾಗದೆಂಬ ಎಚ್ಚರವೂ ಅವಶ್ಯಕ. ನಿಮ್ಮನ್ನು ಕಾಣಲು ‘ಆಂಕ್ಷಸ್’ ಆಗಿದ್ದೇನೆ ಎಂದು ಇಂಗ್ಲಿಷರು ಬರೆದರೆ ಅಲ್ಲಿ ಆತುರವುಂಟು, ಕೊರಳ ಬಿಗಿತವಿಲ್ಲ. ಆದರೂ ಅಂಥ ಎಡೆಗಳಲ್ಲಿ ‘ಈಗರ್’ ಎಂಬ ಮಾತನ್ನು ಬಳಸುವುದು ಲೇಸೆಂದು ಎಚ್ಚರಿಕೆಯ ಲೇಖಕರು ಎಣಿಸುತ್ತಾರೆ.

ಹಾಗಾದರೆ ಈ ವಿಚಾರದಿಂದ ಪ್ರಯೋಜನವೇನು? ನಮ್ಮ ಮನೆಗಳಲ್ಲಿ ಯಾರಾದರೂ ‘ಎದೆ ಬಿಗಿಯುತ್ತದೆ, ಗಂಟಲು ಕಟ್ಟುತ್ತದೆ’ ಎಂದು ಹೇಳಿದಾಗ ಅದು ಹೃದಯದ ವ್ಯಾಧಿಯೋ ಎಂಬುದನ್ನು ಮೊದಲು ವೈದ್ಯರಿಂದ ಪರೀಕ್ಷಿಸಿ ತಿಳಿಯಬೇಕು; ಆಂಜೈನಾ ಇದೇ ಬಳಗದ್ದೆಂಬುದನ್ನು ಮರೆಯಲಾಗದು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ‘ಎಲ್ಲವೂ ಮನಸ್ಸಿನ ಕಲ್ಪನೆ’ ಎಂದು ತಳ್ಳಿಹಾಕುವವರೇ ಹೆಚ್ಚು. ಕಳವಳವು ಕೊರಳನ್ನು ಹಿಡಿಯುತ್ತದೆಂಬುದನ್ನು ರೋಮನರೂ ಜರ್ಮನರೂ ವೇದದ ಋಷಿಗಳೂ ತಮ್ಮ ತಮ್ಮ ನುಡಿಯಲ್ಲಿ ಬರೆದಿಟ್ಟು ಹೋಗಿದ್ದಾರೆ. ಅಷ್ಟು ಜನರ ಸಾಕ್ಷ್ಯವಿರುವಾಗ, ಗಂಟಲು ಕಟ್ಟುತ್ತದೆಂದವರ ಮಾತನ್ನು ನಿಜವೆಂದೇ ನಂಬಿ ಕೇಳುವುದು ವಿವೇಕ.