ಸಾಲಿನಿಂದ ಸಾಲಿಗೆ

ದೇವರಗುಡ್ಡರು ಮಲೆ ಮಾದೇಶ್ವರನ ಕಾವ್ಯ ಹಾಡುವಾಗ ಒಂದೊಂದು ಭಾಗವನ್ನೂ ‘ಸಾಲು’ ಎನ್ನುತ್ತಾರೆ. ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಅಷ್ಟು ದೊಡ್ಡ ಕಾವ್ಯವನ್ನು ಯಾರೂ ಒಂದೇ ಉಸಿರಿಗೆ ಮುಗಿಸುವುದಿಲ್ಲ. ಇವತ್ತು ಈ ಸಾಲು, ಉಳಿದದ್ದು ಮುಂದೆ. ಹಾಗಾಗಿ ಚಾಮರಾಜನಗರ ಸೀಮೆಯ ಮಕ್ಕಳಿಗೆ ಅಧ್ಯಾಯಗಳಿರುವ ಪುಸ್ತಕ ಭಾರವಾಯಿತು ಎಂದು ಯಾರಾದರೂ ಹೇಳಿದರೆ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ. ಇವರ ಅಜ್ಜ ಅಜ್ಜಿಯರು ಕಂಸಾಳೆಯ ಸದ್ದಿನಲ್ಲಿ ಅಧ್ಯಾಯ ಅಧ್ಯಾಯವಾಗಿಯೇ ಕತೆ ಕೇಳಿದವರು. ಕೇಳಿದವರು, ಓದಿದವರಲ್ಲ. ಮಕ್ಕಳಿಗೆ ಪುಸ್ತಕ ಆರಿಸುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ: ಮೊದಲು ಕಿವಿ, ಆಮೇಲೆ ಕಣ್ಣು.

ಕಿವಿಗೆ ಪದ್ಯವೇ ಸರಿ. ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯಲ್ಲಿ ಈಗ ಹಾಡಿಗೆ ಬರವಿಲ್ಲ. 1990ರ ದಶಕದಲ್ಲಿ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿ, ಕಂಠಪಾಠದ ಜಾಗಕ್ಕೆ ಕುಣಿತ ತಂದಿತು. ಆದರೆ ಕುಣಿಯಲು ಮಾಡಿದ ಹಾಡೆಲ್ಲ ಪದ್ಯವಲ್ಲ. ‘ಕೈ ತೊಳೆ, ಗಿಡ ನೆಡು’ ಎಂದು ಪ್ರಾಸ ಕಟ್ಟಿ ಹೇಳಿದ್ದನ್ನು ಮಗು ಶಾಲೆಯ ಗೇಟು ದಾಟುವಷ್ಟರಲ್ಲಿ ಮರೆತಿರುತ್ತದೆ.

ಮರೆಯದ ಪದ್ಯ ಬೇಕೆಂದರೆ ಜಿ.ಪಿ. ರಾಜರತ್ನಂ ಅವರಿಂದಲೇ ಶುರುಮಾಡಬೇಕು. ಜಿ.ಪಿ. ಎಂದರೆ ಗುಂಡ್ಲು ಪಂಡಿತ. ಗುಂಡ್ಲುಪೇಟೆಯವರಿಗೆ ಗುಂಡ್ಲು ಎಂಬ ಹೆಸರನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ, ಅವರ ಹೊಳೆಯ ಹೆಸರೂ ಅದೇ. ರಾಜರತ್ನಂ ಅವರ ತುತ್ತೂರಿ ಪದ್ಯವನ್ನೇ ನೋಡಿ. ಹುಡುಗನೊಬ್ಬ ಕಾಸು ಕೊಟ್ಟು ತುತ್ತೂರಿ ಕೊಳ್ಳುತ್ತಾನೆ, ಬೀದಿಯಲ್ಲಿ ಜಂಬದಿಂದ ಊದಿಕೊಂಡು ಹೋಗುತ್ತಾನೆ, ಅದು ಕೊಳಕ್ಕೆ ಜಾರುತ್ತದೆ, ಎತ್ತಿ ಊದಿದರೆ ಸ್ವರ ಕೆಟ್ಟಿದೆ, ಬಣ್ಣವೂ ಹೋಗಿದೆ. ಎರಡು ನಿಮಿಷದ ಪದ್ಯದಲ್ಲಿ ಇಡೀ ಒಂದು ಕತೆ. ಜಂಬ ಪಡಬಾರದು ಎಂದು ಮಕ್ಕಳಿಗೆ ವಿವರಿಸಲು ಹೋಗಬೇಡಿ. ಕೆಟ್ಟ ತುತ್ತೂರಿಯ ಸದ್ದನ್ನು ಮೂವತ್ತು ಮಕ್ಕಳು ಒಟ್ಟಿಗೆ ಮಾಡಿದಾಗ ಆಗಬೇಕಾದದ್ದು ಆಗಿರುತ್ತದೆ. ಕುಡುಕ ರತ್ನನ ಬಾಯಲ್ಲಿ ಹಕಾರ ನುಂಗಿ ಹಾಡಿಸಿದವರೂ ಇದೇ ರಾಜರತ್ನಂ. ಆಡುಮಾತಿನ ಲಯ ಬಲ್ಲವರು ಬರೆದ ಮಕ್ಕಳ ಪದ್ಯ ನಾಲಿಗೆಗೆ ತೊಡಕಾಗುವುದಿಲ್ಲ.

ಪದ್ಯದಿಂದ ಒಮ್ಮೆಗೇ ನೂರು ಪುಟದ ಕಾದಂಬರಿಗೆ ಹಾರಿಸಿದರೆ ಮಗು ಬೀಳುತ್ತದೆ. ನಡುವೆ ಒಂದು ಮೆಟ್ಟಿಲು ಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅಂಥ ಮೆಟ್ಟಿಲು. ಮೂಲ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆ, ಆದರೆ ಇಲಿಗಳು ಕಾಟ ಕೊಡುವುದು ಪಕ್ಕಾ ಕನ್ನಡದ ಊರಿನಲ್ಲಿ. ಉದ್ದವಿದೆ, ಕತೆಯಿದೆ, ಲಯ ಕೈಹಿಡಿದು ನಡೆಸುತ್ತದೆ. ನಾಲ್ಕು ದಿನಕ್ಕೆ ಹಂಚಿಕೊಂಡು ಓದಿದರೆ ‘ಆಮೇಲ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ಹುಟ್ಟಿದ ಮಗು ಅಧ್ಯಾಯದ ಪುಸ್ತಕಕ್ಕೆ ತಯಾರು.

ನಾಲ್ಕು, ಐದನೇ ತರಗತಿಗೆ ನಾನು ಮೊದಲು ಕೊಡುವುದು ತೇಜಸ್ವಿಯವರ ‘ಪರಿಸರದ ಕತೆ’. ಮಕ್ಕಳಿಗೆಂದೇ ಬರೆದದ್ದಲ್ಲ, ನಿಜ. ಕೆಲವು ಪುಟಗಳನ್ನು ದೊಡ್ಡವರು ಓದಿ ಹೇಳಬೇಕಾಗುತ್ತದೆ. ಆದರೆ ಕಿವಿ ಎಂಬ ನಾಯಿ ಅದರಲ್ಲಿದೆ, ಮತ್ತು ಬಂಡೀಪುರದ ಅಂಚಿನಲ್ಲಿ ಬೆಳೆಯುವ ಮಗುವಿಗೆ ಕಾಡು ಎಂದರೆ ಚಿತ್ರಪಟವಲ್ಲ; ಅಪ್ಪ ರಾತ್ರಿ ಹೊಲ ಕಾಯಲು ಹೋಗುವ ದಿಕ್ಕು. ಆನೆ ಬಂದ ಬೆಳಿಗ್ಗೆಯನ್ನು ಕಂಡ ಮಗುವಿಗೆ ‘ಕಾಡು ನಮ್ಮ ಸ್ನೇಹಿತ’ ಎಂಬ ಪಾಠಕ್ಕಿಂತ ತೇಜಸ್ವಿಯವರ ತಮಾಷೆ ಹೆಚ್ಚು ಹತ್ತಿರ.

ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಈಚಿನ ಕನ್ನಡ ಪುಸ್ತಕಗಳನ್ನೂ ಹುಡುಕಿ ತರಿಸಿಕೊಳ್ಳಬಹುದು: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023). ಮೂರೂ ಕಾದಂಬರಿಗಳು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಉತ್ತರ ಕನ್ನಡದವರು, ಮತ್ತೊಬ್ಬರು ಕುಂದಾಪುರ ಸೀಮೆಯವರು. ನಮ್ಮ ಅರಿಸಿನದ ಹೊಲ, ಚೆಂಡು ಹೂವಿನ ಗದ್ದೆಯ ಫೋಟೊಕ್ಕೆ ನಿಲ್ಲುವ ಕೇರಳದ ಕಾರುಗಳು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು, ಇವೆಲ್ಲ ಇರುವ ಮಕ್ಕಳ ಕಾದಂಬರಿಗಾಗಿ ನಾನಿನ್ನೂ ಹುಡುಕುತ್ತಿದ್ದೇನೆ.

ಕೊಂಡುಕೊಳ್ಳಬೇಕಲ್ಲ ಎನ್ನುವವರು ಮೊದಲು ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಲಿ. ಈಗ ಅದರ ಹೆಸರು ಅರಿವು ಕೇಂದ್ರ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಹೋದಾಗ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಕಪಾಟು ದಾಟಿ ಒಳಗೆ ನೋಡಿ. ಮಕ್ಕಳ ಪುಸ್ತಕ ಬೀಗದೊಳಗಿದ್ದರೆ ಮೇಲ್ವಿಚಾರಕರನ್ನು ಕೇಳಿ ತೆಗೆಸಿ. ಹರಿದೀತು ಎಂದು ಹೆದರುತ್ತಾರೆ, ಪಾಪ. ಹರಿಯಲಿ ಬಿಡಿ, ಅಂಟು ಸಿಗುತ್ತದೆ.

ಕೊನೆಗೆ, ನನ್ನ ಅತಿ ಇಷ್ಟದ ಪುಸ್ತಕ: ಜಪಾನಿನ ತೆತ್ಸುಕೊ ಕುರೊಯಾನಾಗಿಯವರ ‘ತೊತ್ತೋ-ಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲೂ ತಂದಿದೆ. ಹಳೆಯ ರೈಲು ಬೋಗಿಗಳೇ ತರಗತಿಗಳಾದ ಶಾಲೆಯ ಕತೆ. ಅಧ್ಯಾಯಗಳು ಎರಡು ಮೂರು ಪುಟದವು, ದಿನಕ್ಕೊಂದು ಸಾಲು ಹಾಡಿದ ಹಾಗೆ ಓದಬಹುದು. ಅದರಲ್ಲೊಂದು ಕಡೆ ಹೊಸ ಬೋಗಿ ರಾತ್ರಿ ಬರುತ್ತದೆಂದು ಗೊತ್ತಾಗಿ ಮಕ್ಕಳೆಲ್ಲ ಶಾಲೆಯಲ್ಲೇ ಮಲಗಿ ಕಾಯುತ್ತಾರೆ. ಶಾಲೆಗೆ ಹಳಿ ಇಲ್ಲವಲ್ಲ, ರೈಲು ಹೇಗೆ ಬರುತ್ತದೆ?

ಗಟ್ಟಿಯಾಗಿ ಓದುವವರು ಅಲ್ಲಿಗೆ ಪುಸ್ತಕ ಮುಚ್ಚಬೇಕು. ಮೈಸೂರಿನ ರೈಲು ಚಾಮರಾಜನಗರಕ್ಕೇ ಕೊನೆ, ಗುಂಡ್ಲುಪೇಟೆಗೂ ಹಳಿಯಿಲ್ಲ. ಉತ್ತರ ಮಕ್ಕಳೇ ಹೇಳಲಿ. ಒಬ್ಬ ಲಾರಿ ಎನ್ನುತ್ತಾನೆ, ಇನ್ನೊಬ್ಬಳು ಎತ್ತಿನ ಗಾಡಿ, ಹಿಂದಿನ ಸಾಲಿನವನು ಬಂಡೀಪುರದ ಸಾಕಾನೆಗಳನ್ನು ಕರೆಸಬೇಕು ಎನ್ನುತ್ತಾನೆ. ಉಳಿದದ್ದು ನಾಳೆ.